ಕೆಂಪು ಕುರ್ಚಿಗಳ ಮೈದಾನ

ಗೆಳೆಯನ ಮನೆಗೆ ಬಂದ ಮಾರನೆಯ ಬೆಳಗ್ಗೆ, ಎರಡನೇ ಲೋಟ ಕಾಫಿ ಮುಗಿಯುವ ಮೊದಲೇ, ಶಂಖನಿಗೆ ಒಂದು ವಿಷಯ ಖಾತ್ರಿಯಾಯಿತು: ಬಾಯ್ಲರ್‌ಗೆ ತನ್ನ ಜೊತೆ ಸ್ಟೇಡಿಯಮ್ಮಿಗೆ ಬರಲು ಸುತರಾಂ ಇಷ್ಟವಿಲ್ಲ.

ಮೊದಲು ಮಂಡಿನೋವು ಅಂದ. ಶಂಖ ತನ್ನ ಚೀಲದಿಂದ ಮುಲಾಮು ತೆಗೆದುಕೊಟ್ಟ. ಆಮೇಲೆ ಮಳೆ ಬರೋ ಹಾಗಿದೆ ಅಂದ. ಇಬ್ಬರೂ ಅಡುಗೆಮನೆ ಕಿಟಕಿಯಿಂದ ಕತ್ತು ಚಾಚಿ ನೋಡಿದರು. ಆಕಾಶ ತೊಳೆದು ಬೋರಲು ಹಾಕಿದ ಬೋಗುಣಿಯ ಹಾಗಿತ್ತು.

"ನೀನು ಒಳಗೆ ಹೋಗಿ ನೋಡ್ಕೊಂಡು ಬಾ. ನಾನು ಗೇಟ್ ಹತ್ರ ಕೂತಿರ್ತೀನಿ," ಅಂದ ಬಾಯ್ಲರ್. "ಅದರೊಳಗೆ ಏನಿದೆ ಮಹಾ? ಹುಲ್ಲು. ಹುಲ್ಲು ನೋಡೋಕೆ ನಾವೇನು ದನವೇ?"

"ಇಡೀ ಒಂದು ದಿನ ರೈಲಲ್ಲಿ ಕೂತು ಸೊಂಟ ಮುರ್ಕೊಂಡು ಬಂದಿದೀನಿ ಕಣೋ. ಗೇಟ್ ಕಾಯೋಕಾ ನಿನ್ನ ಕರೀತಿರೋದು?"

ಒಲೆಯ ಮುಂದೆ ಬೆನ್ನು ತೋರಿಸಿ ನಿಂತಿದ್ದ ಬಾಯ್ಲರ್‌ನ ಹೆಂಡತಿ ತಿರುಗದೆಯೇ ಬಾಯಿ ಹಾಕಿದಳು. "ಕರ್ಕೊಂಡು ಹೋಗ್ರೀ. ಇನ್ನೆಷ್ಟು ವರ್ಷ ಅಂತ ತಪ್ಪಿಸ್ಕೊಂಡು ತಿರುಗ್ತೀರಾ? ಅಣ್ಣನಿಗೂ ಎಪ್ಪತ್ತಾಯ್ತು, ನಿಮಗೂ ಎಪ್ಪತ್ತಾಯ್ತು."

"ನೀನು ಸುಮ್ನಿರು."

"ಸುಮ್ನೇ ಇದೀನಲ್ಲ, ನಲವತ್ತು ವರ್ಷದಿಂದ," ಅಂದಳು ಆಕೆ, ಪಾತ್ರೆಗೆ ಮುಚ್ಚಳ ಸ್ವಲ್ಪ ಜೋರಾಗಿಯೇ ಮುಚ್ಚುತ್ತ.

ಶಂಖ ಕಿವಿಯನ್ನೇ ನಂಬಿ ಅನ್ನ ದುಡಿದವನು. ಆ ಮುಚ್ಚಳದ ಸದ್ದಿನಲ್ಲಿ ಏನೋ ಇದೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ.

ಶಂಖ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಾಯ್ಲರ್ ಎಂಬುದಂತೂ ಖಂಡಿತ ಅಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಶಂಖನಿಗೆ ಕರಿಹಲಗೆ ಮಂಜುಮಂಜು. ಕನ್ನಡಕ ಬೇಕು ಎಂದು ಮನೆಯಲ್ಲಿ ಬಾಯಿಬಿಡಲು ನಾಚಿಕೆ. ಹಾಗಾಗಿ ಮೇಷ್ಟ್ರು ಓದು ಅಂದಾಗ ಪಕ್ಕದವನು ತುಟಿ ಅಲ್ಲಾಡಿಸದೆ ಉಸುರುವುದು, ಶಂಖ ಎದ್ದು ನಿಂತು ಗೋಡೆ ನಡುಗುವಂತೆ ಓದುವುದು. ಶಭಾಷ್‌ಗಿರಿ ಶಂಖನಿಗೆ. "ಇವನು ಶಂಖ ಕಣ್ರೋ. ಊದೋದು ನಾನು, ಮೊಳಗೋದು ಇವನು," ಎಂದು ಪಕ್ಕದವನು ಒಂದು ದಿನ ನಗಾಡಿದ, ಹೆಸರು ಅಂಟಿಕೊಂಡಿತು. ಹಾಗೆ ನಕ್ಕವನು ದೊಡ್ಡವನಾಗಿ ಬಿಯರ್ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ಶಂಖ ಸೇಡು ತೀರಿಸಿಕೊಂಡ.

ಶಂಖ ಸೇರಿದ್ದು ರೇಡಿಯೋಗೆ. ಹನ್ನೊಂದು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಅವನ ಫುಟ್‌ಬಾಲ್ ವೀಕ್ಷಕ ವಿವರಣೆಗಾಗಿ ಜನ ಅಂಗಡಿಗಳ ಮುಂದೆ ಗುಂಪು ಕಟ್ಟುತ್ತಿದ್ದರು. ಅದರಲ್ಲಿ ವಿವರಣೆ ಮಾತ್ರ ಶಂಖನದು. ಆಟ ನಡೆಯುತ್ತಿದ್ದ ಊರಿಗೂ ಅವನು ಕೂತಿದ್ದ ಕೋಣೆಗೂ ಒಂದು ಹಗಲಿನ ರೈಲು ಪ್ರಯಾಣ. ಗೋಡೆಗೆಲ್ಲ ಕಂಬಳಿ ಹೊಡೆದ ಆ ಕೋಣೆಯಲ್ಲಿ ಅವನ ಎಡಗಿವಿಗೆ ಒಂದು ಫೋನು, ಬಾಯಿಗೆ ಒಂದು ಮೈಕು, ಪಕ್ಕದಲ್ಲಿ ಜನರ ಗದ್ದಲದ ಒಂದು ಗ್ರಾಮಫೋನ್ ತಟ್ಟೆ. ಫೋನಿನ ಆ ತುದಿಯಲ್ಲಿ ಬಾಯ್ಲರ್. "ಎಡಕ್ಕೆ. ಏಳು. ಹೊಡೆದ. ಇಲ್ಲ. ಹೊರಗೆ," ಎಂದು ಅವನು ತಂತಿ ಕಳಿಸಿದ ಹಾಗೆ ಉಸುರಿದರೆ ಈ ತುದಿಯಲ್ಲಿ ಏಳನೇ ಅಂಗಿಯವನು ಇಬ್ಬರನ್ನು ಏಮಾರಿಸಿ, ಮೂರನೆಯವನು ಮುಗ್ಗರಿಸುವಂತೆ ಮಾಡಿ, ಸಂಜೆಯ ಬಿಸಿಲನ್ನೇ ಸೀಳಿಕೊಂಡು ಹೋಗಿ ಹೊಡೆಯುತ್ತಿದ್ದ. ಈ ಏರ್ಪಾಟು ರೇಡಿಯೋ ಸಾಹೇಬರ ತಲೆಯಿಂದ ಹುಟ್ಟಿದ್ದು. ಮೂವರೂ ಬಾಯಿಬಿಡಕೂಡದೆಂದು ಆಣೆಯಾಗಿತ್ತು. ಸಾಹೇಬರು ತೀರಿಕೊಂಡರು. ಶಂಖನಿಗೆ ಪದಕ ಬಂತು, ಶಾಲು ಬಂತು. ಪ್ರತಿ ಶಾಲು ಹೊದೆಸುವಾಗಲೂ ಅವನ ಎಡಗಿವಿ ತುರಿಸುತ್ತಿತ್ತು.

ಈಗ ಸ್ಟೇಡಿಯಮ್ಮಿನವರು ಒಂದು ಮ್ಯೂಸಿಯಂ ಮಾಡಿದ್ದರು. ಪತ್ರ ಬರೆದಿದ್ದರು: ತಾವು ಬಂದು, ತಾವು ಕೂತಿದ್ದ ಜಾಗದಲ್ಲೇ ಕೂತು, ಆ ದಿನಗಳ ಬಗ್ಗೆ ಎರಡು ನಿಮಿಷ ಮಾತಾಡಿ. ರೆಕಾರ್ಡ್ ಮಾಡಿಕೊಂಡು ಬಂದವರಿಗೆಲ್ಲ ಕೇಳಿಸುತ್ತೇವೆ.

ತಾವು ಕೂತಿದ್ದ ಜಾಗ! ಪತ್ರ ಓದಿದ ರಾತ್ರಿಯೇ ಶಂಖ ನಿಶ್ಚಯಿಸಿದ್ದ. ಆ ಎರಡು ನಿಮಿಷದಲ್ಲಿ ಬಾಯ್ಲರ್ ಇದ್ದರೆ ಇದ್ದ, ಇಲ್ಲದಿದ್ದರೆ ಇನ್ನೆಂದಿಗೂ ಇಲ್ಲ. ತನ್ನ ಮಾನ ಹೋದರೆ ಹೋಗಲಿ. ಆ ಮೈಕಿಗೆ ಹೇಳಲೇಬೇಕು: ನೋಡಿದವನು ನಾನಲ್ಲ, ಇಗೋ ಇವನು. ಹೇಳುವಾಗ ಅವನು ಪಕ್ಕದಲ್ಲಿರಬೇಕು. ಗೇಟಿನ ಹತ್ತಿರ ಅಲ್ಲ.

ಕೊನೆಗೆ ಬಾಯ್ಲರ್ ಬಂದ. ಹಲ್ಲು ಕೀಳಿಸಿಕೊಳ್ಳಲು ಹೊರಟವನ ನಡಿಗೆಯಲ್ಲಿ ಬಂದ.

ಸ್ಟೇಡಿಯಂ ತೋರಿಸುವ ಹುಡುಗಿ ನೀಲಿ ಕೋಟು ಹಾಕಿದ್ದಳು, ಸೊಂಟಕ್ಕೆ ಪುಟ್ಟ ಸ್ಪೀಕರ್ ಸಿಕ್ಕಿಸಿಕೊಂಡಿದ್ದಳು. ಅವಳಿಗೆ ಶಂಖನ ದನಿ ಕಂಠಪಾಠ. "ಸರ್, ನಮ್ಮಜ್ಜ ನಿಮ್ಮ ಕಾಮೆಂಟ್ರಿ ಕೇಳ್ತಾ ಗಡ್ಡ ಬೋಳಿಸ್ಕೊಳ್ಳೋಕೆ ಹೋಗಿ ಕೆನ್ನೆ ಕುಯ್ಕೊಂಡಿದ್ರಂತೆ. ಆ ಗುರುತು ಕೊನೇವರೆಗೂ ಇತ್ತು," ಅಂದಳು.

"ಕ್ಷಮಿಸಮ್ಮ," ಅಂದ ಶಂಖ.

"ಅಯ್ಯೋ, ಅವ್ರು ಅದನ್ನ ಬಂದೋರಿಗೆಲ್ಲ ತೋರಿಸ್ತಿದ್ರು ಸರ್!"

ಆಟಗಾರರು ಬಟ್ಟೆ ಬದಲಿಸುವ ಕೋಣೆ ತೋರಿಸಿದಳು. ಬೆಂಚುಗಳ ಅಂಚು ತೊಡೆ ತಾಗಿ ತಾಗಿ ನುಣುಪಾಗಿತ್ತು, ಗಾಳಿಯಲ್ಲಿ ಸೋಪು ಮತ್ತು ಹಳೆಯ ಕಾಲುಚೀಲದ ವಾಸನೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಡ್ರಮ್ ಇತ್ತು. "ಇದು ಅಭಿಮಾನಿಗಳ ಮೊದಲನೇ ಡ್ರಮ್. ತಮಾಷೆ ಕೇಳಿ ಸರ್, ಇಲ್ಲಿ ಡ್ರಮ್ ಬಾರಿಸ್ತಾರೆ ಅಂತ ರೇಡಿಯೋದಲ್ಲಿ ನೀವು ಹೇಳೋರು. ಇಲ್ಲಿ ಕೂತೋರು, ಎಲ್ಲಿ ನಮಗೆ ಕೇಳಿಸ್ಲೇ ಇಲ್ವಲ್ಲ ಅನ್ನೋರು. ಕೊನೆಗೆ ಅವಮಾನ ಆಗಿ ಅವರೇ ಒಂದು ತಂದ್ರಂತೆ."

ಶಂಖ ಬಾಯ್ಲರ್‌ನ ಮುಖ ನೋಡಿದ. ಬಾಯ್ಲರ್ ಡ್ರಮ್ಮಿನ ಚರ್ಮ ನೋಡುತ್ತಿದ್ದ. ಫೋನಿನಲ್ಲಿ ಟಣ್ ಟಣ್ ಎಂದು ಕೇಳುತ್ತಿದ್ದದ್ದು ಶಂಖನಿಗೆ ಚೆನ್ನಾಗಿ ನೆನಪಿತ್ತು.

ಸುರಂಗದಂಥ ಓಣಿ ದಾಟಿ ಹೊರಬಂದರು. ಮೈದಾನ ಕಂಡದ್ದೇ ಶಂಖನ ಕಾಲು ನಿಂತಿತು. ಹನ್ನೊಂದು ವರ್ಷ ಬಾಯಲ್ಲಿ ಕಟ್ಟಿದ ಜಾಗ. ಹುಲ್ಲಿನ ಸುತ್ತ ಸಾಲುಸಾಲಾಗಿ ಕೆಂಪು ಕುರ್ಚಿಗಳು, ತಾನು ಹೇಳುತ್ತಿದ್ದ ಹಾಗೆಯೇ. ಕಣ್ಣು ತುಂಬಿತು.

"ಈ ಕುರ್ಚಿಗಳದ್ದೂ ನಿಮ್ಮದೇ ಕಥೆ ಸರ್," ಅಂದಳು ಹುಡುಗಿ. "ಮೊದಲು ಇಲ್ಲಿ ಬರೀ ಬಣ್ಣವಿಲ್ಲದ ಮರದ ಹಲಗೆ ಇದ್ದಿದ್ದು. 'ಕೆಂಪು ಆಸನಗಳ ನಡುವೆ ಹಸಿರು ಮೈದಾನ' ಅಂತ ನೀವು ಪ್ರತಿ ಸಲ ಶುರು ಮಾಡೋರಲ್ಲ? ದೂರದ ಊರಿಂದ ಬಂದೋರೆಲ್ಲ ಕೆಂಪು ಕುರ್ಚಿ ಎಲ್ಲಿ ಅಂತ ಕೇಳೋರು. ಆಡಳಿತದವರು ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಬಣ್ಣ ಹೊಡೆಸಿಬಿಟ್ರು."

ತುಂಬಿದ ಕಣ್ಣು ಅಲ್ಲಿಯೇ ಒಣಗಿತು. ಕೆಂಪು ಎಂದು ಹೇಳಿಕೊಟ್ಟವನು ಬಾಯ್ಲರ್. ಬಣ್ಣವಿಲ್ಲದ ಹಲಗೆಯ ಮೇಲೆ ಪ್ರತಿ ಶನಿವಾರ ಕೂತವನಿಗೆ ಅದು ಕೆಂಪಾಗಿ ಕಂಡದ್ದು ಹೇಗೆ?

"ಲೋ, ನೀನು ಕೂತ್ಕೊತಿದ್ದಿದ್ದು ಎಲ್ಲಿ?" ಎಂದು ಮೆಲ್ಲಗೆ ಕೇಳಿದ.

ಬಾಯ್ಲರ್ ಗಾಳಿಗೆ ಕೈ ಬೀಸಿದ. "ಅಲ್ಲೇ. ಆ ಮೇಲಿನ ಸಾಲು."

"ಅದು ಹದಿನೈದು ವರ್ಷದ ಹಿಂದೆ ಕಟ್ಟಿದ್ದು ತಾತ," ಅಂದಳು ಹುಡುಗಿ, ಸಹಾಯ ಮಾಡುವ ಉತ್ಸಾಹದಲ್ಲಿ.

ರೆಕಾರ್ಡಿಂಗ್ ಮಾಡುವವನು ಮೂರು ಗಂಟೆಗೆ ಬರುತ್ತಾನೆ, ಅಲ್ಲಿವರೆಗೆ ಊಟ ಮುಗಿಸಿ ಬನ್ನಿ ಎಂದು ಅವಳು ಗೇಟಿನವರೆಗೆ ಬಂದು ಬೀಳ್ಕೊಟ್ಟಳು. ಬೀಳ್ಕೊಡುವಾಗ ಹಳೆಯ ಆಟಗಾರರ ಫೋಟೋಗಳ ಮುಂದೆ ನಿಂತು ಇನ್ನೊಂದು ಸಹಾಯ ಮಾಡಿದಳು. "ಇವರು ಎಡಗಡೆ ಡಿಫೆಂಡರ್. ಚೆಂಡನ್ನ ಬರೀ ಹೊರಗೆ ಹೊಡೀತಾರೆ ಅಂತ ಪಾಪ ಇವರಿಗೆ ಕೆಟ್ಟ ಹೆಸರು. ಪಕ್ಕದ ಬೀದಿಯಲ್ಲೇ ಇದಾರೆ. ಈಗಲೂ ವಾದ ಮಾಡ್ತಾರೆ, ನಾನು ಅಷ್ಟೊಂದು ಹೊರಗೆ ಹೊಡೀತಿರಲಿಲ್ಲ ಅಂತ."

ರಸ್ತೆ ದಾಟಿದರೆ ಬಿಯರ್ ಕಾರ್ಖಾನೆ. ಸ್ಟೇಡಿಯಮ್ಮಿಗೆ ಬೆನ್ನು ಹಾಕಿದ ಎತ್ತರದ ಇಟ್ಟಿಗೆ ಕಟ್ಟಡ. ಇನ್ನೂರು ಹೆಜ್ಜೆಯ ನಡಿಗೆ. ಶಂಖನಿಗೆ ಒಳಗೊಳಗೇ ಕುದಿಯುತ್ತಿತ್ತು. ಇವನು ಆಟ ನೋಡದೆಯೇ ಹೇಳುತ್ತಿದ್ದನೇ? ಹಾಗಾದರೆ ತಾನು ಹನ್ನೊಂದು ವರ್ಷ ಊದಿದ್ದು ಏನನ್ನು? ಮೂರು ಗಂಟೆಗೆ ಯಾರ ಹೆಸರಲ್ಲಿ ಏನು ಹೇಳುವುದು?

ಬಾಯ್ಲರ್‌ನ ಮಗಳು ಬಾಗಿಲಲ್ಲೇ ಕಾದಿದ್ದಳು. ನಲವತ್ತರ ಹತ್ತಿರದ ಹೆಂಗಸು, ತಯಾರಿಕೆ ವಿಭಾಗಕ್ಕೆಲ್ಲ ಮುಖ್ಯಸ್ಥೆ, ಮೂವತ್ತು ಜನ ಅವಳ ಹುಬ್ಬು ನೋಡಿ ಕೆಲಸ ಮಾಡುತ್ತಾರೆ. ಅಪ್ಪನಿಗೆ ಮಾತ್ರ ಇನ್ನೂ ಪುಟ್ಟಿ.

"ಬನ್ನಿ ಮಾವ! ಅಪ್ಪಾ, ಮುಖ ಯಾಕೆ ಹೀಗಿದೆ? ಮಂಡಿನಾ?"

"ಮಂಡೀನೇ," ಅಂದ ಶಂಖ. "ಮುಲಾಮು ಕೆಲಸ ಮಾಡ್ಲಿಲ್ಲ."

ಅವಳು ಇಬ್ಬರಿಗೂ ಬಿಳಿ ಕೋಟು, ತಲೆಗೆ ಬಲೆಟೋಪಿ ಹಾಕಿಸಿ ಒಳಗೆ ಕರೆದೊಯ್ದಳು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುವ ತೊಟ್ಟಿ, ಒಣಗಿಸಿ ಅರೆಯುವ ಯಂತ್ರ, ಕುದಿಸುವ ತಾಮ್ರದ ಹಂಡೆಗಳು. ಹಂಡೆಯ ಹೊಟ್ಟೆಯಲ್ಲಿ ಶಂಖನ ಮುಖ ಅಗಲವಾಗಿ ಕಂಡಿತು. ಬಲೆಟೋಪಿಯಲ್ಲಿ ಅವನು ಆಪರೇಷನ್ ಮಾಡಲು ಮರೆತುಹೋದ ಡಾಕ್ಟರ ಹಾಗಿದ್ದ. ಬಿಸಿ ಗಂಜಿಯ ವಾಸನೆ, ಅದರ ಹಿಂದೆ ಬಿಯರಿಗೆ ಹಾಕುವ ಕಹಿ ಹೂವಿನ ವಾಸನೆ. ಅವಳು ಒಂದು ಪುಟ್ಟ ಲೋಟದಲ್ಲಿ ಇನ್ನೂ ಹುದುಗದ ಸಿಹಿನೀರು ಕೊಟ್ಟಳು. "ಕುಡೀರಿ ಮಾವ, ಇದರಿಂದ ಅಮಲೇರಲ್ಲ. ಇನ್ನೂ ಎಳೇ ಮಗು."

ಕುಡಿದ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳುವ ಮನಸ್ಸಾಗಲಿಲ್ಲ.

"ಈಗ ಅಟ್ಟಕ್ಕೆ ಹೋಗೋಣ," ಅಂದಳು ಪುಟ್ಟಿ.

"ಅಟ್ಟ ಯಾಕೆ?" ಬಾಯ್ಲರ್ ಥಟ್ಟನೆ ಅಂದ. "ಅಲ್ಲೇನಿದೆ? ಧೂಳು."

"ಅಪ್ಪಾ, ಎಲ್ಲರಿಗೂ ತೋರಿಸ್ತೀನಿ, ಮಾವನಿಗೆ ತೋರಿಸ್ಬಾರ್ದಾ? ಮಾವ, ಅಪ್ಪ ಮ್ಯಾಚ್ ಇದ್ದ ದಿನ ಮಧ್ಯಾಹ್ನವೆಲ್ಲ ಇಲ್ಲೇ ಇರೋರು. ಅಮ್ಮ ಡಬ್ಬಿ ಕೊಟ್ಟು ನನ್ನ ಕಳಿಸೋಳು. ನಾನು ಬಂದ್ರೆ, ಶ್ ಅಂತ ಬಾಯಿ ಮೇಲೆ ಬೆರಳಿಟ್ಕೊಂಡು ಫೋನಲ್ಲಿ ನಂಬರ್ ಹೇಳ್ತಾ ಇರೋರು. ಏಳು, ನಾಲ್ಕು, ಏಳು, ಹನ್ನೊಂದು. ಬಾರ್ಲಿ ಮೂಟೆ ಎಣಿಸ್ತಿದಾರೆ ಅಂದ್ಕೊಂಡಿದ್ದೆ."

ಬಾಯ್ಲರ್ ಮೆಟ್ಟಿಲ ಕಂಬಿ ಹಿಡಿದುಕೊಂಡ. ಶಂಖ ಅವನನ್ನು ದಾಟಿ ಹತ್ತಿದ, ಎಪ್ಪತ್ತರ ಸೊಂಟ ಮರೆತು.

ಅಟ್ಟ ಉದ್ದಕ್ಕೆ ಖಾಲಿಯಿತ್ತು. ತುದಿಯಲ್ಲಿ ಒಂದು ಕಿಟಕಿ. ಕಿಟಕಿಯ ಪಕ್ಕ ಗೋಡೆಯಲ್ಲಿ ನಾಲ್ಕು ಮೊಳೆಯ ತೂತು, ಕತ್ತರಿಸಿದ ಒಂದು ವೈರು. ಮೂಟೆ ಬಂದ ಲೆಕ್ಕ ಕೆಳಗೆ ತಿಳಿಸಲು ಇಟ್ಟಿದ್ದ ಫೋನಿನ ಜಾಗ. ಕಿಟಕಿಯ ಗಾಜಿನ ಮೇಲೆ ಹಳೆಯ ಇಟ್ಟಿಗೆಯ ಕೆಂಪು ಧೂಳು ಒಂದು ತೆಳು ಪದರವಾಗಿ ಕೂತಿತ್ತು. ಶಂಖ ಕಣ್ಣಿಟ್ಟು ನೋಡಿದ. ಇಡೀ ಸ್ಟೇಡಿಯಂ ಅಂಗೈ ಮೇಲೆ ಇಟ್ಟಂತೆ ಕಂಡಿತು. ಪಕ್ಕದ ಸಿಮೆಂಟ್ ಗೋಡೆಯೂ ಕೆಂಪಗಿತ್ತು. ಆಕಾಶವೂ ಕೆಂಪಗಿತ್ತು. ಒಂದೇ ಒಂದು ಮೂಲೆ, ಎಡಗಡೆಯ ಮೂಲೆ, ಸ್ಟೇಡಿಯಮ್ಮಿನ ಹಳೇ ಚಾವಣಿಯ ಹಿಂದೆ ಅಡಗಿ ಕಾಣುತ್ತಿರಲಿಲ್ಲ.

"ಅಲ್ಲಿಗೆ ಚೆಂಡು ಹೋದ್ರೆ?" ತಿರುಗದೆ ಕೇಳಿದ.

"ಹೊರಗೆ ಅಂತಿದ್ದೆ," ಅಂದ ಬಾಯ್ಲರ್ ಹಿಂದಿನಿಂದ. ಏದುಸಿರು ಬಿಡುತ್ತಿದ್ದ.

"ಡ್ರಮ್ಮು?"

"ನನ್ನ ಸಹಾಯಕನಿಗೆ ಹೇಳಿಟ್ಟಿದ್ದೆ. ಬಾಯ್ಲರಿನ ಒತ್ತಡದ ಮುಳ್ಳು ಅಪಾಯದ ಗೆರೆ ಮುಟ್ಟಿದ್ರೆ ಪೈಪ್ ಬಡಿ, ಇಳಿದು ಬರ್ತೀನಿ ಅಂತ."

"ಇಳಿದು ಹೋದಾಗ ಆಟ?"

"ಗಾಯ ಆಗಿದೆ, ಆಟ ನಿಂತಿದೆ ಅಂತಿದ್ದೆ. ನೀನು ನೀರು ಕುಡಿಸಿ, ಪಟ್ಟಿ ಕಟ್ಟಿ, ಜನರ ಹತ್ರ ಚಪ್ಪಾಳೆ ಹೊಡೆಸ್ತಿದ್ದೆ. ಅಷ್ಟರಲ್ಲಿ ನಾನು ವಾಪಸ್."

ಪುಟ್ಟಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಗುವಿಗೋ ಗಾಬರಿಗೋ ಅವಳಿಗೇ ತಿಳಿದಿರಲಿಲ್ಲ.

"ಯಾಕೋ?" ಅಂದ ಶಂಖ. "ಒಳಗೆ ಹೋಗಿ ಕೂತ್ಕೊಳ್ಳೋಕೆ ಏನಾಗಿತ್ತು?"

"ಒಳಗೆ ಇದ್ದಿದ್ದು ಒಂದೇ ಫೋನು, ಸೆಕ್ರೆಟರಿ ರೂಮಲ್ಲಿ. ಅದರ ಕಿಟಕಿಯಿಂದ ಕಾಣೋದು ಪಾಯಿಖಾನೆ ಗೋಡೆ." ಬಾಯ್ಲರ್ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತ. "ನೀನು ಅವತ್ತು ಫೋನ್ ಮಾಡಿದಾಗ ನಿನ್ನ ದನಿ ಹೇಗಿತ್ತು ನೆನಪಿದೆಯಾ? ಮೈದಾನ ಕಾಣೋ ಫೋನು ಸಿಕ್ಕಿದ್ರೆ ಕೆಲಸ ಕಾಯಂ, ಇಲ್ಲ ಅಂದ್ರೆ ತಿಂಗಳ ಕೊನೆಗೆ ಮನೆಗೆ ಅಂತ ನಿಮ್ಮ ಸಾಹೇಬರು ಹೇಳಿದ್ರು. ಅಂಥ ಫೋನು ಇದೆಯಾ ಅಂತ ನೀನು ಕೇಳ್ದೆ. ಇದೆ ಅಂದೆ. ಸುಳ್ಳೇನಲ್ಲ, ಇತ್ತಲ್ಲ. ಎಲ್ಲಿ ಅಂತ ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಕೆಳಗಿನ ಟೆಲಿಫೋನ್ ಬೋರ್ಡಲ್ಲಿ ಹೊರಗಿನ ಲೈನು ಕೊಡ್ತಿದ್ದವಳಿಗೆ ಕೈಮುಗಿದು ಒಪ್ಪಿಸಿದೆ."

"ಅವಳು ಒಪ್ಪಿದ್ಳಾ?"

"ಮದುವೇನೇ ಒಪ್ಪಿದ್ಳು, ಇದೇನು ಮಹಾ. ಬೆಳಗ್ಗೆ ಮುಚ್ಚಳ ಕುಕ್ಕಿದ್ದು ಅವಳೇ."

ಶಂಖ ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತ. ತಾನು ಬರುತ್ತೇನೆಂದಾಗಲೆಲ್ಲ ಬಾಯ್ಲರ್ ನೆಪ ಹೇಳಿ ತಪ್ಪಿಸಿಕೊಂಡ ವರ್ಷಗಳೆಲ್ಲ ಒಂದೊಂದಾಗಿ ಅರ್ಥವಾದವು. ಮನೆಗೆ ಸುಣ್ಣ ಹೊಡೀತಿದೀವಿ, ಈ ಸಲ ಬೇಡ. ನಾದಿನಿ ಬಂದಿದಾಳೆ, ಮುಂದಿನ ಸಲ ಬಾ.

"ನೀನು ಶಾಲು ಹೊದ್ಕೊಂಡ ಫೋಟೋ ಪೇಪರಲ್ಲಿ ಬಂದಾಗಲೆಲ್ಲ ನನಗೆ ಹೆದರಿಕೆ," ಅಂದ ಬಾಯ್ಲರ್. "ಇವನು ಎಲ್ಲಿ ನನ್ನ ಹೆಸರು ಹೇಳಿಬಿಡ್ತಾನೋ ಅಂತ. ಹೇಳಿದ್ರೆ ಜನ ಹುಡುಕ್ತಾರೆ, ಕುರ್ಚಿ ಬಣ್ಣ ಕೇಳ್ತಾರೆ, ನಿನ್ನ ಮಾನ ನನ್ನಿಂದ ಹೋಗುತ್ತೆ. ಇವತ್ತು ಮೂರು ಗಂಟೆಗೆ ಹೇಳೋಕೇ ಬಂದಿದೀಯಾ ಅಂತ ನನಗೆ ಗೊತ್ತು. ಬೇಡ ಕಣೋ."

ಬಾಯ್ಲರ್ ನೆಲವನ್ನು ಕಾಲಲ್ಲಿ ತಟ್ಟಿ ತೋರಿಸಿದ.

"ಇದರ ಕೆಳಗೆ ಮ್ಯಾನೇಜರ್ ರೂಮಿತ್ತು. ಅವರು ರೇಡಿಯೋ ಹಚ್ಚಿ ನಿನ್ನನ್ನೇ ಕೇಳೋರು. ಎದುರಿನ ಆಟಕ್ಕೆ ಕಿಟಕಿ ತೆಗೆದು ನೋಡಿದೋರಲ್ಲ. ನಾನು ಇಲ್ಲಿ 'ಏಳು, ಹೊಡೆದ' ಅಂದ್ರೆ, ಒಂದು ಉಸಿರು ಬಿಟ್ಟು ಕೆಳಗಿನಿಂದ ನಿನ್ನ ದನಿಯಲ್ಲಿ ಅದು ಮೇಲೆ ಬರೋದು. ನನ್ನ ನಾಲ್ಕು ಪದ, ನಲವತ್ತಾಗಿ, ರೇಷ್ಮೆ ಉಟ್ಕೊಂಡು. ಆಗ ನಾನು ಮತ್ತೆ ಕಿಟಕಿ ನೋಡ್ತಿದ್ದೆ. ಹೌದಲ್ಲ, ಹೀಗೇ ಇತ್ತಲ್ಲ ಅನ್ನಿಸೋದು. ಮಸಿ ಮೆತ್ಕೊಂಡ ಒಬ್ಬ ಬಾಯ್ಲರ್ ಆಳಿಗೆ ವಾರಕ್ಕೊಂದು ಸಲ ಅಂಥದ್ದು ಯಾರು ಕೊಡ್ತಾರೆ? ನೀನು ಥ್ಯಾಂಕ್ಸ್ ಹೇಳೋಕೆ ಬಂದಿದೀಯಾ. ಉಲ್ಟಾ ಆಯ್ತಲ್ಲೋ."

ಶಂಖ ಕನ್ನಡಕ ತೆಗೆದು ಒರೆಸಿದ. ಅಟ್ಟದಲ್ಲಿ ಧೂಳಿತ್ತು ಎಂಬುದು ನಿಜ. "ನಿನ್ನ ಆ ಮೂಲೆಯಿಂದ ಒಬ್ಬ ಮನುಷ್ಯ ನಲವತ್ತು ವರ್ಷ ಕೆಟ್ಟ ಹೆಸರು ಹೊತ್ಕೊಂಡಿದಾನೆ," ಅಂದ. "ಅವನಿಗಾದ್ರೂ ಹೇಳ್ಬೇಕು. ನಡಿ."

ಮೂರು ಗಂಟೆಗೆ ಪತ್ರಕರ್ತರ ಸಾಲಿನಲ್ಲಿ ಮೈಕು ಸಿದ್ಧವಾಗಿತ್ತು. ಪುಟ್ಟಿಯೂ ಬಿಳಿ ಕೋಟಿನಲ್ಲೇ ಹಿಂದೆ ಬಂದು ನಿಂತಳು. ರೆಕಾರ್ಡಿಂಗಿನವನು ಕಿವಿಗೆ ಹೆಡ್‌ಫೋನ್ ಏರಿಸಿ ಬೆರಳೆತ್ತಿದ. "ನೀವು ಕೂತಿದ್ದ ಜಾಗ ಸರ್, ಆರಾಮಾಗಿ ಶುರು ಮಾಡಿ," ಅಂದಳು ನೀಲಿ ಕೋಟಿನ ಹುಡುಗಿ.

"ಈ ಜಾಗದಲ್ಲಿ ನಾನು ಕೂತಿರೋದು ಇವತ್ತೇ ಮೊದಲನೇ ಸಲ," ಎಂದು ಶಂಖ ಶುರು ಮಾಡಿದ.

ಹುಡುಗಿಯ ನಗು ಹಾಗೆಯೇ ಹೆಪ್ಪುಗಟ್ಟಿತು. ಶಂಖ ನಿಲ್ಲಲಿಲ್ಲ. ಕಂಬಳಿ ಹೊಡೆದ ಕೋಣೆ ಹೇಳಿದ, ಎಡಗಿವಿ ಹೇಳಿದ. ನೋಡಿದವನು ಇಗೋ ಇವನು ಎಂದ. ಇವನೂ ಇಲ್ಲಿ ಕೂತಿರಲಿಲ್ಲ, ಅಗೋ ಆ ಇಟ್ಟಿಗೆ ಕಟ್ಟಡದ ಕೊನೆಯ ಕಿಟಕಿಯಲ್ಲಿದ್ದ, ತನ್ನ ಕೆಲಸ ಪಣಕ್ಕಿಟ್ಟು ನನ್ನ ಕೆಲಸ ಉಳಿಸಿದ ಎಂದ. ಡ್ರಮ್ ಎಂದರೆ ಪೈಪು, ಕೆಂಪು ಎಂದರೆ ಧೂಳು ಎಂದ. ಎಡಗಡೆಯ ಡಿಫೆಂಡರ್ ಸಾಹೇಬರೇ, ನೀವು ಹೊರಗೆ ಹೊಡೆಯಲಿಲ್ಲ, ನಮಗೆ ಕಾಣಿಸಲಿಲ್ಲ, ದಯವಿಟ್ಟು ಕ್ಷಮಿಸಿ ಎಂದ. ಎರಡು ನಿಮಿಷ ಆಗಲೇ ಮುಗಿದಿತ್ತು. ರೆಕಾರ್ಡಿಂಗಿನವನು ಯಂತ್ರ ನಿಲ್ಲಿಸಿರಲಿಲ್ಲ.

"ಸರ್," ಹುಡುಗಿ ತಡವರಿಸಿದಳು. "ಇದನ್ನ... ಮೇಲಿನೋರಿಗೆ ಏನಂತ ಹೇಳ್ಲಿ? ಕುರ್ಚಿ ಬಣ್ಣ..."

"ಬಣ್ಣ ಇರಲಿ ಬಿಡಮ್ಮ. ಈಗ ಅದು ನಿಜವಾಗಿಯೂ ಕೆಂಪೇ."

ಅವಳು ಒಂದು ಗಳಿಗೆ ಯೋಚಿಸಿದಳು. ಅಜ್ಜನ ಕೆನ್ನೆ ನೆನಪಾಯಿತೋ ಏನೋ, ಕೆಳಗಿನಿಂದ ಇನ್ನೊಂದು ಮೈಕು ತರಿಸಿ ಬಾಯ್ಲರ್‌ನ ಮುಂದೆ ಇಟ್ಟಳು. "ತಾತ, ಫೋನಲ್ಲಿ ಹೇಗೆ ಹೇಳ್ತಿದ್ರಿ? ಸ್ವಲ್ಪ ಹೇಳಿ."

"ಆಟವೇ ಇಲ್ಲ, ಏನು ಹೇಳ್ಲಿ?"

ಮೈದಾನದಲ್ಲಿ ಒಬ್ಬ ಮಾಲಿ ಹುಲ್ಲು ಕತ್ತರಿಸುವ ಯಂತ್ರ ತಳ್ಳುತ್ತಿದ್ದ. ಶಂಖ ಕುರ್ಚಿ ಸರಿಸಿ ಬಾಯ್ಲರ್‌ನ ಬಾಯಿಗೆ ತನ್ನ ಎಡಗಿವಿ ಕೊಟ್ಟ. "ಊದು."

ಬಾಯ್ಲರ್ ಗಂಟಲು ಸರಿಮಾಡಿಕೊಂಡ. "ಬಲಕ್ಕೆ. ಮಾಲಿ. ನಿಂತ. ಬೆವರು ಒರೆಸ್ದ."

"ಕೆಂಪು ಆಸನಗಳ ನಡುವೆ ಹಸಿರು ಮೈದಾನ," ಶಂಖ ಮೊಳಗಿದ. ಖಾಲಿ ಸಾಲುಗಳು ಬೆನ್ನು ನೆಟ್ಟಗೆ ಮಾಡಿಕೊಂಡಂತಾಯಿತು. "ಒಬ್ಬಂಟಿ ವೀರ ಬಲಗಡೆಯಿಂದ ನುಗ್ಗಿ ಬರುತ್ತಿದ್ದಾನೆ, ಎದುರಾಳಿಗಳ ಸುಳಿವಿಲ್ಲ, ಇಗೋ ನಿಂತ, ಹಣೆಯ ಮೇಲೆ ಹನಿಹನಿಯಾಗಿ ದುಡಿಮೆ..."

"ತಿರುಗ್ದ. ಎಡಕ್ಕೆ. ಎಡಕ್ಕೇ ಬರ್ತಿದಾನೆ. ಮೂಲೆಗೆ..."

ಬಾಯ್ಲರ್ ನಿಲ್ಲಿಸಿದ. ಹಳೆಯ ಅಭ್ಯಾಸಕ್ಕೆ ಬಾಯಿ 'ಹೊ' ಎಂದು ದುಂಡಗಾಗಿತ್ತು.

ಶಂಖ ಕಾದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಮೈಕಿನ ಮುಂದೆ ಇಷ್ಟು ಹೊತ್ತು ಸುಮ್ಮನಿದ್ದವನಲ್ಲ.

"ಮೂಲೆಯಲ್ಲಿ ಒಂದು ನಲ್ಲಿ ಇದೆ ಕಣೋ," ಎಂದು ಬಾಯ್ಲರ್ ಮೆಲ್ಲಗೆ, ಕಿವಿಗೆ ಮಾತ್ರ ಎಂಬಂತೆ ಹೇಳಿದ. "ತೊಟ್ಟಿಕ್ತಾ ಇದೆ. ಅಲ್ಲಿ ಮಾತ್ರ ಹುಲ್ಲು ಬೇರೆ ಕಡೆಗಿಂತ ಹಸಿರಾಗಿದೆ. ಮಾಲಿ ಬಗ್ಗಿ ನೀರು ಕುಡೀತಿದಾನೆ."

ಶಂಖ ಅದಕ್ಕೆ ಒಂದು ಪದವನ್ನೂ ಸೇರಿಸಲಿಲ್ಲ. ಬಾಯ್ಲರ್‌ನ ಮುಂದಿದ್ದ ಮೈಕನ್ನು ಇನ್ನಷ್ಟು ಅವನ ಹತ್ತಿರ ಸರಿಸಿ, "ಇನ್ನೊಂದು ಸಲ ಹೇಳು," ಅಂದ. "ಜೋರಾಗಿ."